ವಿಲೋಮವಿಲ್ಲದ ಮಾತೃಕೆಗೆ ಸಾಮಾನ್ಯೀಕೃತ ವಿಲೋಮ ಕಂಡುಹಿಡಿಯುವ ಬಗೆ, ಮತ್ತು ಅದು ಕೊಟ್ಟ ಉತ್ತರವನ್ನು ಓದುವ ಬಗೆ

ಪಿಯುಸಿ ಗಣಿತದಲ್ಲಿ ಎಲ್ಲರೂ ಕಲಿಯುವ ನಿಯಮವೊಂದಿದೆ: ಚೌಕ ಮಾತೃಕೆಯ ನಿರ್ಧಾರಕ ಸೊನ್ನೆಯಾಗಿರದಿದ್ದರೆ ಮಾತ್ರ ಅದಕ್ಕೆ ವಿಲೋಮವಿರುತ್ತದೆ. ನಿಯಮ ಸರಿಯಾದದ್ದೇ. ಆದರೆ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಇಳಿದವರಿಗೆ ನಿರ್ಧಾರಕ ಸೊನ್ನೆಯಾದ ಮಾತೃಕೆಗಳು, ಚೌಕವೇ ಅಲ್ಲದ ಮಾತೃಕೆಗಳು ದಿನನಿತ್ಯ ಎದುರಾಗುತ್ತವೆ. ಅಲ್ಲಿ ‘ವಿಲೋಮವಿಲ್ಲ’ ಎಂದು ಕೈಚೆಲ್ಲಿದರೆ ದತ್ತಾಂಶದಲ್ಲಿ ನಿಜವಾಗಿಯೂ ಇರುವ ಮಾಹಿತಿ ಕೈತಪ್ಪಿ ಹೋಗುತ್ತದೆ. ಇಂಥ ಸಂದರ್ಭದಲ್ಲಿ ವಿಲೋಮದ ಕೆಲಸವನ್ನು ಸಾಧ್ಯವಾದಷ್ಟು ಮಟ್ಟಿಗೆ ಮಾಡಿಕೊಡುವ ಮಾತೃಕೆಯನ್ನು ಸಾಮಾನ್ಯೀಕೃತ ವಿಲೋಮ ಎನ್ನುತ್ತಾರೆ. ಅದನ್ನು ಕೈಯಿಂದಲೇ ಕಂಡುಹಿಡಿಯುವ ಕ್ರಮವನ್ನೂ, ಅದಕ್ಕಿಂತ ಮುಖ್ಯವಾಗಿ ಅದು ಕೊಟ್ಟ ಉತ್ತರದಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದನ್ನೂ ಇಲ್ಲಿ ವಿವರಿಸಿದ್ದೇನೆ. ಮಾತೃಕೆಗಳ ಗುಣಾಕಾರ ಮತ್ತು ಎರಡು ಸಾಲಿನ ಮಾತೃಕೆಯ ವಿಲೋಮ ಗೊತ್ತಿದ್ದರೆ ಸಾಕು, ಲೆಕ್ಕವನ್ನು ಪೂರ್ತಿಯಾಗಿ ಹಿಂಬಾಲಿಸಬಹುದು.

ಈ ವಿಷಯದ ಚರಿತ್ರೆಗೂ ಕರ್ನಾಟಕಕ್ಕೂ ನಿಜವಾದ ಒಂದು ನಂಟಿದೆ. ಅಮೆರಿಕದ ಗಣಿತಜ್ಞ ಇ. ಎಚ್. ಮೂರ್ ಎಲ್ಲ ಬಗೆಯ ಮಾತೃಕೆಗಳಿಗೂ ಅನ್ವಯಿಸುವ ವಿಲೋಮದ ಕಲ್ಪನೆಯನ್ನು ಸಂಕ್ಷಿಪ್ತವಾಗಿ ಪ್ರಕಟಿಸಿದ್ದು 1920ರಲ್ಲಿ; ಅದೇ ವರ್ಷದ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಮುಂದೆ ಈ ಕಲ್ಪನೆಯನ್ನು ಸಂಖ್ಯಾಶಾಸ್ತ್ರದ ಬಳಕೆಗೆ ತಂದವರಲ್ಲಿ ಪ್ರಮುಖರಾದರು. ಮೂರ್ ಅವರ ಕೆಲಸ ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದಿತ್ತು. 1955ರಲ್ಲಿ ಬ್ರಿಟನ್ನಿನ ಗಣಿತಜ್ಞ ರೋಜರ್ ಪೆನ್‌ರೋಸ್ ಅದೇ ಮಾತೃಕೆಯನ್ನು ನಾಲ್ಕು ಷರತ್ತುಗಳ ಮೂಲಕ ಸ್ವತಂತ್ರವಾಗಿ ವ್ಯಾಖ್ಯಾನಿಸಿದರು. ಅದೇ ವರ್ಷ ರಾವ್ ಅವರು ‘ಸಂಖ್ಯಾ’ ಎಂಬ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ, ಗುಂಪುಗಳಲ್ಲಿ ಅಸಮಾನ ಸಂಖ್ಯೆಯ ಅಳತೆಗಳಿರುವ ದತ್ತಾಂಶವನ್ನು ವಿಶ್ಲೇಷಿಸುವಾಗ ವಿಲೋಮವಿಲ್ಲದ ಮಾತೃಕೆಯ ಜಾಗದಲ್ಲಿ ಬಳಸಬಹುದಾದ ಬದಲಿಯೊಂದನ್ನು ಕೊಟ್ಟರು. 1962ರ ಲೇಖನದಲ್ಲಿ ಅವರು ನಾಲ್ಕು ಷರತ್ತುಗಳಲ್ಲಿ ಮೊದಲನೆಯದೊಂದೇ ಇದ್ದರೂ ಸಂಖ್ಯಾಶಾಸ್ತ್ರದ ಬಹುಪಾಲು ಕೆಲಸ ನಡೆಯುತ್ತದೆ ಎಂಬುದನ್ನು ಸ್ಪಷ್ಟಪಡಿಸಿದರು. ಸುಜಿತ್ ಕುಮಾರ್ ಮಿತ್ರ ಅವರೊಡನೆ ಈ ವಿಷಯದ ಮೇಲೆ ಅವರು ಬರೆದ ಗ್ರಂಥ 1971ರಲ್ಲಿ ಬಂತು. ಆ ಒಂದೇ ಷರತ್ತಿನಿಂದಲೇ ನಾವೂ ಆರಂಭಿಸೋಣ.

ಮೊದಲ ಷರತ್ತು

ನಮ್ಮ ಮಾತೃಕೆಯನ್ನು ‘ಮ’ ಎಂದು ಕರೆಯೋಣ. ‘ಗ’ ಎಂಬ ಮಾತೃಕೆಯು

ಮ ಗ ಮ = ಮ

ಎಂಬ ಸಮೀಕರಣವನ್ನು ಪಾಲಿಸಿದರೆ ಅದು ‘ಮ’ದ ಒಂದು ಸಾಮಾನ್ಯೀಕೃತ ವಿಲೋಮ. ‘ಒಂದು’ ಎಂಬ ಮಾತಿಗೆ ಇಲ್ಲಿ ತೂಕವಿದೆ. ‘ಮ’ಕ್ಕೆ ನಿಜವಾದ ವಿಲೋಮವಿದ್ದರೆ ಎರಡೂ ಕಡೆಯಿಂದ ಅದರಿಂದ ಗುಣಿಸಿ ‘ಗ’ ಆ ವಿಲೋಮವೇ ಎಂದು ತೋರಿಸಬಹುದು. ಇಲ್ಲದಿದ್ದರೆ ಈ ಷರತ್ತನ್ನು ಪಾಲಿಸುವ ಮಾತೃಕೆಗಳು ಅನಂತ. ಯಾವುದೋ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗಿದೆ, ಆದರೆ ಆ ಆಯ್ಕೆಯಿಂದ ಬದಲಾಗುವ ಉತ್ತರಗಳಿಗೆ ಬೆಲೆಯಿಲ್ಲ, ಬದಲಾಗದ ಉತ್ತರಗಳಿಗೆ ಮಾತ್ರ ಬೆಲೆ. ಈ ವಿಷಯದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಮುಂದಿನ ಲೆಕ್ಕಗಳನ್ನೆಲ್ಲ ಈ ದೃಷ್ಟಿಯಿಂದಲೇ ನೋಡಬೇಕು.

ಲೆಕ್ಕಕ್ಕೆ 1ರಿಂದ 9ರವರೆಗಿನ ಅಂಕಿಗಳನ್ನು ಕ್ರಮವಾಗಿ ಬರೆದ ಮಾತೃಕೆಯನ್ನು ತೆಗೆದುಕೊಳ್ಳೋಣ.

ಮ =
[1 2 3]
[4 5 6]
[7 8 9]

ಎರಡನೆಯ ಅಡ್ಡಸಾಲಿನ ಎರಡರಷ್ಟರಿಂದ ಮೊದಲನೆಯದನ್ನು ಕಳೆದರೆ ಮೂರನೆಯದು ಬರುತ್ತದೆ. ಹೀಗಾಗಿ ನಿರ್ಧಾರಕ ಸೊನ್ನೆ, ಸ್ವತಂತ್ರವಾದ ಅಡ್ಡಸಾಲುಗಳು ಎರಡೇ, ಎಂದರೆ ರ‍್ಯಾಂಕ್ 2.

ಸಾಮಾನ್ಯೀಕೃತ ವಿಲೋಮ ಪಡೆಯುವ ಸರಳ ಕ್ರಮ ಹೀಗಿದೆ. ಮೊದಲು ರ‍್ಯಾಂಕ್ ಎಷ್ಟೋ ಅಷ್ಟೇ ಗಾತ್ರದ, ನಿರ್ಧಾರಕ ಸೊನ್ನೆಯಲ್ಲದ ತುಂಡೊಂದನ್ನು ‘ಮ’ದೊಳಗೆ ಹುಡುಕಬೇಕು. ಮೊದಲ ಎರಡು ಅಡ್ಡಸಾಲು ಮತ್ತು ಮೊದಲ ಎರಡು ಕಂಬಸಾಲುಗಳ ತುಂಡು [1 2], [4 5]; ಅದರ ನಿರ್ಧಾರಕ 5 − 8 = −3. ಆ ತುಂಡಿನ ವಿಲೋಮ [−5/3 2/3], [4/3 −1/3]. ಅದನ್ನು ಮೇಲಿನ ಎಡಮೂಲೆಯಲ್ಲಿಟ್ಟು ಉಳಿದೆಡೆ ಸೊನ್ನೆ ತುಂಬಿದರೆ ಕೆಲಸ ಮುಗಿಯಿತು.

ಗ =
[−5/3 2/3 0]
[4/3 −1/3 0]
[0 0 0]

ಪರೀಕ್ಷಿಸದೆ ಮುಂದೆ ಹೋಗಬಾರದು. ‘ಮ ಗ’ ಗುಣಲಬ್ಧದ ಅಡ್ಡಸಾಲುಗಳು [1 0 0], [0 1 0], [−1 2 0] ಎಂದು ಬರುತ್ತವೆ. ಇದನ್ನು ಮತ್ತೆ ‘ಮ’ದಿಂದ ಗುಣಿಸಿದರೆ ಮೊದಲೆರಡು ಸಾಲುಗಳು ಹಾಗೆಯೇ ಉಳಿಯುತ್ತವೆ, ಮೂರನೆಯದು ‘ಎರಡನೆಯದರ ಎರಡರಷ್ಟು ಕಳೆ ಮೊದಲನೆಯದು’, ಎಂದರೆ [7 8 9]. ಸಾಲುಗಳ ನಡುವಿನ ಅವಲಂಬನೆಯೇ −1, 2 ಎಂಬ ರೂಪದಲ್ಲಿ ಗುಣಲಬ್ಧದೊಳಗೆ ಕುಳಿತಿರುವುದನ್ನು ಗಮನಿಸಬೇಕು. ಈ ಕ್ರಮ ಯಾಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಬೇರೆ ಪ್ರಮಾಣವೇ ಬೇಕಿಲ್ಲ.

ತುಂಡು ಮೂಲೆಯಲ್ಲೇ ಸಿಗಬೇಕೆಂದೇನೂ ಇಲ್ಲ, ಆದರೆ ಬೇರೆಡೆಯಿಂದ ಆರಿಸಿದಾಗ ಇಡುವ ಜಾಗದಲ್ಲಿ ಎಚ್ಚರ ಬೇಕು: ತುಂಡಿನ ಕಂಬಸಾಲುಗಳ ಸಂಖ್ಯೆಗಳು ‘ಗ’ದಲ್ಲಿ ಅಡ್ಡಸಾಲುಗಳ ಸಂಖ್ಯೆಗಳಾಗುತ್ತವೆ, ಅಡ್ಡಸಾಲುಗಳವು ಕಂಬಸಾಲುಗಳವಾಗುತ್ತವೆ. ಉದಾಹರಣೆಗೆ 1 ಮತ್ತು 2ನೇ ಅಡ್ಡಸಾಲು, 1 ಮತ್ತು 3ನೇ ಕಂಬಸಾಲುಗಳ ತುಂಡು [1 3], [4 6]. ಅದರ ವಿಲೋಮ [−1 1/2], [2/3 −1/6]. ಅದನ್ನು ‘ಗ’ದ 1 ಮತ್ತು 3ನೇ ಅಡ್ಡಸಾಲುಗಳಲ್ಲಿ, 1 ಮತ್ತು 2ನೇ ಕಂಬಸಾಲುಗಳಲ್ಲಿ ಇಡಬೇಕು. ಹೀಗೆ ಸಿಗುವ [−1 1/2 0], [0 0 0], [2/3 −1/6 0] ಕೂಡ ಅದೇ ‘ಮ’ದ ಸಾಮಾನ್ಯೀಕೃತ ವಿಲೋಮ. ಮೊದಲನೆಯದಕ್ಕೂ ಇದಕ್ಕೂ ನೋಟದಲ್ಲಿ ಯಾವ ಹೋಲಿಕೆಯೂ ಇಲ್ಲ.

ಸಮೀಕರಣಗಳನ್ನು ಬಿಡಿಸುವುದು

ಈಗ ಮ ಯ = ಬ ಎಂಬ ರೇಖಾತ್ಮಕ ಸಮೀಕರಣಗಳ ಗುಂಪನ್ನು ನೋಡೋಣ; ‘ಯ’ ಎಂಬುದು ನಮಗೆ ಬೇಕಾದ ಮೂರು ಅಜ್ಞಾತಗಳ ಸದಿಶ, ‘ಬ’ ಎಂಬುದು (6, 15, 24). ಮೊದಲು ಕೇಳಬೇಕಾದ ಪ್ರಶ್ನೆ ಪರಿಹಾರವಿದೆಯೇ ಎಂಬುದು. ಅದಕ್ಕೆ ಉತ್ತರ: ಮ ಗ ಬ = ಬ ಆದರೆ ಇದೆ, ಆಗದಿದ್ದರೆ ಇಲ್ಲ. ಮೇಲಿನ ‘ಮ ಗ’ದಿಂದ ಗುಣಿಸಿದಾಗ ಮೂರನೆಯ ಸಂಖ್ಯೆ 2 × 15 − 6 = 24 ಬರುತ್ತದೆ; ಆದ್ದರಿಂದ ಪರಿಹಾರವಿದೆ. ‘ಬ’ದ ಕೊನೆಯ ಸಂಖ್ಯೆ 25 ಆಗಿದ್ದರೆ ಪರಿಹಾರವಿರುತ್ತಿರಲಿಲ್ಲ.

ಪರಿಹಾರವಿದ್ದಾಗ ಗ ಬ ಒಂದು ಪರಿಹಾರ. ಮೊದಲ ‘ಗ’ ಬಳಸಿದರೆ (0, 3, 0) ಸಿಗುತ್ತದೆ, ಎರಡನೆಯದನ್ನು ಬಳಸಿದರೆ (1.5, 0, 1.5). ಎರಡನ್ನೂ ಸಮೀಕರಣಗಳಲ್ಲಿಟ್ಟು ನೋಡಿದರೆ ಎರಡೂ ಸರಿ. ಎಲ್ಲ ಪರಿಹಾರಗಳನ್ನೂ ಒಟ್ಟಿಗೆ ಪಡೆಯಬೇಕಾದರೆ

ಯ = ಗ ಬ + (ಏ − ಗ ಮ) ಜ

ಎಂಬ ಸೂತ್ರವನ್ನು ಬಳಸಬೇಕು. ‘ಏ’ ಎಂದರೆ ಏಕಮಾನ ಮಾತೃಕೆ, ‘ಜ’ ನಮಗಿಷ್ಟ ಬಂದ ಯಾವುದೇ ಸದಿಶ. ನಮ್ಮ ಉದಾಹರಣೆಯಲ್ಲಿ ‘ಗ ಮ’ದ ಸಾಲುಗಳು [1 0 −1], [0 1 2], [0 0 0], ಹಾಗಾಗಿ ಎಲ್ಲ ಪರಿಹಾರಗಳೂ (ಟ, 3 − 2ಟ, ಟ) ಎಂಬ ರೂಪದವು, ‘ಟ’ ಯಾವ ಸಂಖ್ಯೆಯಾದರೂ ಆಗಬಹುದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲ ಅಜ್ಞಾತದ ಬೆಲೆ ಎಷ್ಟು ಎಂದು ಕೇಳಿದರೆ ಸಮೀಕರಣಗಳ ಬಳಿ ಉತ್ತರವಿಲ್ಲ, ಅದು ಯಾವ ಸಂಖ್ಯೆಯಾದರೂ ಆಗಬಹುದು. ಆದರೆ ಮೂರರ ಮೊತ್ತ ಎಷ್ಟು ಎಂದು ಕೇಳಿದರೆ ‘ಟ’ ಏನೇ ಇರಲಿ 3 ಎಂಬ ಒಂದೇ ಉತ್ತರವಿದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಯಾವಾಗಲೂ ಸೊನ್ನೆ. ಯಾವ ಪ್ರಶ್ನೆಗೆ ಉತ್ತರವಿದೆ ಎಂಬುದನ್ನು ಮೊದಲೇ ತಿಳಿಯುವ ಪರೀಕ್ಷೆಯೂ ಇದೆ. ಕೇಳುತ್ತಿರುವ ಪ್ರಶ್ನೆಯ ಸಹಗುಣಕಗಳನ್ನು ‘ಪ’ ಎಂಬ ಅಡ್ಡಸಾಲಾಗಿ ಬರೆದು ಅದನ್ನು ‘ಗ ಮ’ದಿಂದ ಗುಣಿಸಬೇಕು; ಮತ್ತೆ ‘ಪ’ವೇ ಬಂದರೆ ಪ್ರಶ್ನೆಗೆ ಒಂದೇ ಉತ್ತರವಿದೆ. [1 1 1]ನ್ನು ಗುಣಿಸಿದರೆ [1 1 1] ಬರುತ್ತದೆ. [1 0 0]ನ್ನು ಗುಣಿಸಿದರೆ [1 0 −1] ಬರುತ್ತದೆ, ಆದ್ದರಿಂದ ಮೊದಲ ಅಜ್ಞಾತವನ್ನು ಒಂಟಿಯಾಗಿ ಕೇಳುವಂತಿಲ್ಲ. ಈ ಸಣ್ಣ ಪರೀಕ್ಷೆ ಸಂಖ್ಯಾಶಾಸ್ತ್ರದಲ್ಲಿ ಎಷ್ಟು ತಪ್ಪು ತೀರ್ಮಾನಗಳನ್ನು ತಡೆಯಬಲ್ಲದು ಎಂಬುದು ಮುಂದಿನ ಉದಾಹರಣೆಯಿಂದ ಗೊತ್ತಾಗುತ್ತದೆ.

ಮೂರು ತಳಿಗಳ ಇಳುವರಿ

ರಾಗಿಯ ಮೂರು ತಳಿಗಳನ್ನು ಆರು ತಾಕುಗಳಲ್ಲಿ ಬೆಳೆದಿದ್ದಾರೆ ಎಂದುಕೊಳ್ಳೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ನಾನು ಕಲ್ಪಿಸಿಕೊಂಡವು: ಮೊದಲ ತಳಿಯ ಮೂರು ತಾಕುಗಳಲ್ಲಿ ಎಕರೆಗೆ 10, 12, 11 ಕ್ವಿಂಟಲ್, ಎರಡನೆಯದರ ಎರಡು ತಾಕುಗಳಲ್ಲಿ 14, 16, ಮೂರನೆಯದರ ಒಂದೇ ತಾಕಿನಲ್ಲಿ 9. ಪ್ರತಿ ಇಳುವರಿಯನ್ನೂ ‘ಸಾಮಾನ್ಯ ಮಟ್ಟ + ತಳಿಯ ಪರಿಣಾಮ + ಆಕಸ್ಮಿಕ ಏರಿಳಿತ’ ಎಂದು ಬರೆಯುವುದು ವಾಡಿಕೆ. ಸಾಮಾನ್ಯ ಮಟ್ಟ ‘ಸ’, ತಳಿಗಳ ಪರಿಣಾಮ ‘ತ1’, ‘ತ2’, ‘ತ3’. ಒಟ್ಟು ನಾಲ್ಕು ಅಜ್ಞಾತಗಳು. ಕನಿಷ್ಠ ವರ್ಗ ವಿಧಾನದಿಂದ (ದೋಷಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ) ಇವುಗಳನ್ನು ಅಂದಾಜಿಸಲು ಹೊರಟರೆ ಸಿಗುವ ಸಮೀಕರಣಗಳ ಮಾತೃಕೆ ಹೀಗಿರುತ್ತದೆ. ಬಲಬದಿಯ ಮೊತ್ತಗಳು ಕ್ರಮವಾಗಿ 72, 33, 30, 9.

[6 3 2 1]
[3 3 0 0]
[2 0 2 0]
[1 0 0 1]

ಕೆಳಗಿನ ಮೂರು ಸಾಲುಗಳನ್ನು ಕೂಡಿದರೆ ಮೊದಲನೆಯದು ಬರುತ್ತದೆ. ರ‍್ಯಾಂಕ್ 3, ಅಜ್ಞಾತಗಳು 4. ಕಾರಣವನ್ನು ಊಹಿಸುವುದು ಕಷ್ಟವಲ್ಲ: ಸಾಮಾನ್ಯ ಮಟ್ಟವನ್ನು ಐದು ಕ್ವಿಂಟಲ್ ಏರಿಸಿ ಮೂರೂ ತಳಿಗಳ ಪರಿಣಾಮವನ್ನು ಐದೈದು ಇಳಿಸಿದರೆ ಯಾವ ತಾಕಿನ ಇಳುವರಿಯೂ ಬದಲಾಗುವುದಿಲ್ಲ. ಕೆಳಗಿನ ಬಲಮೂಲೆಯ ತುಂಡು ಕರ್ಣದಲ್ಲಿ 3, 2, 1 ಇರುವ ಮಾತೃಕೆಯಾದ್ದರಿಂದ ಸಾಮಾನ್ಯೀಕೃತ ವಿಲೋಮ ಬಾಯಿಲೆಕ್ಕದಲ್ಲೇ ಸಿಗುತ್ತದೆ: ಕರ್ಣದಲ್ಲಿ 0, 1/3, 1/2, 1, ಉಳಿದೆಲ್ಲೆಡೆ ಸೊನ್ನೆ. ಅದು ಕೊಡುವ ಪರಿಹಾರ ಸ = 0, ತ1 = 11, ತ2 = 15, ತ3 = 9.

ಬೇರೆ ಆಯ್ಕೆಗಳನ್ನೂ ನೋಡೋಣ. ಮೊದಲ ತಳಿಯನ್ನು ಆಧಾರವಾಗಿಟ್ಟು ಅದರ ಪರಿಣಾಮವನ್ನು ಸೊನ್ನೆ ಮಾಡಿದರೆ 11, 0, 4, −2. ಮುಂದೆ ವಿವರಿಸಲಿರುವ ಮೂರ್-ಪೆನ್‌ರೋಸ್ ವಿಲೋಮ ಬಳಸಿದರೆ 8.75, 2.25, 6.25, 0.25. ಮೂವರು ವಿಶ್ಲೇಷಕರು ಒಂದೇ ದತ್ತಾಂಶದಿಂದ ಸಾಮಾನ್ಯ ಮಟ್ಟ 0, 11, 8.75 ಎಂದು ಮೂರು ಬೇರೆ ಬೇರೆ ವರದಿಗಳನ್ನು ಕೊಡಬಹುದು. ಯಾರ ಗುಣಾಕಾರದಲ್ಲೂ ತಪ್ಪಿಲ್ಲ, ಆದರೆ ಮೂವರೂ ಉತ್ತರವಿಲ್ಲದ ಪ್ರಶ್ನೆಗೆ ಉತ್ತರ ಬರೆದಿದ್ದಾರೆ. ಎರಡನೆಯ ತಳಿ ಮೊದಲನೆಯದಕ್ಕಿಂತ ಎಷ್ಟು ಹೆಚ್ಚು ಎಂದು ಕೇಳಿದರೆ ಮೂವರ ಉತ್ತರವೂ 4 ಕ್ವಿಂಟಲ್. ಮೂರನೆಯ ತಳಿಯ ನಿರೀಕ್ಷಿತ ಇಳುವರಿ, ಎಂದರೆ ಸ + ತ3, ಮೂವರಿಗೂ 9. ಸಂಖ್ಯಾಶಾಸ್ತ್ರದಲ್ಲಿ ಇಂಥವನ್ನು ಅಂದಾಜಿಸಬಹುದಾದ ಫಲನಗಳು ಎನ್ನುತ್ತಾರೆ. ಈ ವಿಚಾರವನ್ನು ಸ್ಪಷ್ಟವಾಗಿ ರೂಪಿಸಿದವರು ಸಂಖ್ಯಾಶಾಸ್ತ್ರಜ್ಞ ಆರ್. ಸಿ. ಬೋಸ್.

ಅಂದಾಜಿನ ನಿಖರತೆಯನ್ನೂ ಇದೇ ಮಾತೃಕೆಯಿಂದ ಪಡೆಯಬಹುದು. ಪ್ರತಿ ತಾಕಿನ ಇಳುವರಿಗೂ ಅದರ ತಳಿಯ ಸರಾಸರಿಗೂ ಇರುವ ವ್ಯತ್ಯಾಸಗಳ ವರ್ಗಗಳನ್ನು ಕೂಡಿದರೆ 4. ಅದನ್ನು ತಾಕುಗಳ ಸಂಖ್ಯೆಯಿಂದ ರ‍್ಯಾಂಕ್ ಕಳೆದು ಬಂದ 6 − 3 = 3ರಿಂದ ಭಾಗಿಸಬೇಕು (ಅಜ್ಞಾತಗಳ ಸಂಖ್ಯೆ 4ನ್ನು ಕಳೆಯುವುದು ಇಲ್ಲಿ ಸಾಮಾನ್ಯವಾದ ತಪ್ಪು). ಸಿಗುವುದು ಆಕಸ್ಮಿಕ ಏರಿಳಿತದ ಪ್ರಸರಣದ (ಹರಹಿನ ಅಳತೆಯ) ಅಂದಾಜು, 4/3. ಮೊದಲೆರಡು ತಳಿಗಳ ವ್ಯತ್ಯಾಸದ ಪ್ರಸರಣಕ್ಕೆ ಇದನ್ನು ಆ ಸಾಮಾನ್ಯೀಕೃತ ವಿಲೋಮದ ಕರ್ಣದಲ್ಲಿ ಆ ತಳಿಗಳಿಗೆ ಸೇರಿದ ಸಂಖ್ಯೆಗಳ ಮೊತ್ತ 1/3 + 1/2 = 5/6ರಿಂದ ಗುಣಿಸಬೇಕು: 10/9, ಎಂದರೆ ಪ್ರಮಾಣ ದೋಷ (ಪ್ರಸರಣದ ವರ್ಗಮೂಲ) ಸುಮಾರು 1.05 ಕ್ವಿಂಟಲ್. ಪ್ರಶ್ನೆ ಅಂದಾಜಿಸಬಹುದಾದದ್ದಾಗಿದ್ದರೆ ಈ 5/6 ಕೂಡ ಯಾವ ಸಾಮಾನ್ಯೀಕೃತ ವಿಲೋಮ ಬಳಸಿದರೂ ಬದಲಾಗುವುದಿಲ್ಲ. ಈ ಸ್ಥಿರತೆ ನನಗೆ ಇಡೀ ಸಿದ್ಧಾಂತದ ಅತ್ಯಂತ ಸುಂದರ ಭಾಗವಾಗಿ ಕಾಣುತ್ತದೆ: ದತ್ತಾಂಶಕ್ಕೆ ಗೊತ್ತಿರುವ ಸಂಗತಿಯಾದರೆ ಅಂದಾಜು ಮತ್ತು ಅದರ ಅನಿಶ್ಚಿತತೆ ಎರಡೂ ನಮ್ಮ ಆಯ್ಕೆಯ ಹಂಗಿನಿಂದ ಬಿಡುಗಡೆ ಹೊಂದಿರುತ್ತವೆ.

ನಾಲ್ಕು ಷರತ್ತುಗಳೂ ಬೇಕಾದಾಗ

‘ಬ’ದ ಕೊನೆಯ ಸಂಖ್ಯೆ 25 ಆದಾಗ ಪರಿಹಾರವಿಲ್ಲ ಎಂದು ನೋಡಿದೆವು. ಆಗಲೂ ಅತ್ಯಂತ ಹತ್ತಿರದ ಉತ್ತರ ಬೇಕಾದರೆ ಮೊದಲ ಷರತ್ತು ಮಾತ್ರ ಸಾಲದು. ನಮ್ಮ ಮೊದಲ ‘ಗ’ ಕೊಡುವ (0, 3, 0) ಮೊದಲೆರಡು ಸಮೀಕರಣಗಳನ್ನು ಪೂರ್ತಿ ತೃಪ್ತಿಪಡಿಸಿ ಮೂರನೆಯದರಲ್ಲಿ 1ರಷ್ಟು ತಪ್ಪುತ್ತದೆ. ದೋಷಗಳ ವರ್ಗಗಳ ಮೊತ್ತ 1. ಅದಕ್ಕಿಂತ ಬಹಳ ಕಡಿಮೆ ದೋಷದ ಉತ್ತರವಿದೆ. ಅದನ್ನು ಪಡೆಯಲು ಒಂದೋ ತಳಿಗಳ ಲೆಕ್ಕದಲ್ಲಿ ಮಾಡಿದಂತೆ ಕನಿಷ್ಠ ವರ್ಗದ ಸಮೀಕರಣಗಳಿಗೆ ಹೋಗಿ ಅಲ್ಲಿ ಸಾಮಾನ್ಯೀಕೃತ ವಿಲೋಮ ಬಳಸಬೇಕು, ಇಲ್ಲವೇ ಮೂರ್-ಪೆನ್‌ರೋಸ್ ವಿಲೋಮವನ್ನು ಬಳಸಬೇಕು. ಪೆನ್‌ರೋಸ್ ಅವರ ಷರತ್ತುಗಳು ಇವು: ಮ ಗ ಮ = ಮ; ಗ ಮ ಗ = ಗ; ‘ಮ ಗ’ ಸಮಮಿತವಾಗಿರಬೇಕು (ಅಡ್ಡ-ಕಂಬಗಳನ್ನು ಅದಲುಬದಲು ಮಾಡಿದರೂ ಬದಲಾಗಬಾರದು); ‘ಗ ಮ’ ಸಮಮಿತವಾಗಿರಬೇಕು. ಸಂಖ್ಯೆಗಳು ವಾಸ್ತವವಾಗಿದ್ದಾಗ ಇಷ್ಟು ಸಾಕು. ನಾಲ್ಕನ್ನೂ ಪಾಲಿಸುವ ಮಾತೃಕೆ ಪ್ರತಿಯೊಂದು ಮಾತೃಕೆಗೂ ಇದೆ, ಮತ್ತು ಒಂದೇ ಒಂದು ಇದೆ.

ಕೈಲೆಕ್ಕಕ್ಕೆ ಒಳ್ಳೆಯ ದಾರಿ ‘ಮ’ವನ್ನು ಪೂರ್ಣ ರ‍್ಯಾಂಕಿನ ಎರಡು ಮಾತೃಕೆಗಳ ಗುಣಲಬ್ಧವಾಗಿ ಒಡೆಯುವುದು. ಸ್ವತಂತ್ರವಾದ ಮೊದಲ ಎರಡು ಕಂಬಸಾಲುಗಳನ್ನು ‘ಕ’ ಎನ್ನೋಣ; ಎಲ್ಲ ಕಂಬಸಾಲುಗಳನ್ನೂ ಅವುಗಳಿಂದ ಪಡೆಯುವ ಸಹಗುಣಕಗಳು ‘ಹ’ = [1 0 −1], [0 1 2]. ಆಗ ಮ = ಕ ಹ. ಅಡ್ಡ-ಕಂಬಗಳನ್ನು ಅದಲುಬದಲು ಮಾಡಿದ ರೂಪವನ್ನು ′ ಗುರುತಿನಿಂದ ಸೂಚಿಸಿದರೆ, ಬೇಕಾದ ವಿಲೋಮ

ಹ′ (ಹ ಹ′)⁻¹ (ಕ′ ಕ)⁻¹ ಕ′

ಆಗಿರುತ್ತದೆ. ಇಲ್ಲಿ ಬರುವ ಎರಡು ವಿಲೋಮಗಳೂ ಸಾಮಾನ್ಯವಾದ ವಿಲೋಮಗಳೇ: ‘ಕ′ ಕ’ ಎಂಬುದು [66 78], [78 93], ಅದರ ನಿರ್ಧಾರಕ 54, ‘ಹ ಹ′’ ಎಂಬುದು [2 −2], [−2 5], ಅದರ ನಿರ್ಧಾರಕ 6. ಗುಣಾಕಾರಗಳನ್ನು ಮುಗಿಸಿದರೆ ಸಿಗುವ ಉತ್ತರವನ್ನು 36ರಿಂದ ಭಾಗಿಸಬೇಕಾದ ಪೂರ್ಣಾಂಕಗಳಲ್ಲಿ ಬರೆಯಬಹುದು:

(1/36) ×
[−23 −6 11]
[−2 0 2]
[19 6 −7]

ಇದರಿಂದ (6, 15, 24)ನ್ನು ಗುಣಿಸಿದರೆ (1, 1, 1) ಬರುತ್ತದೆ. (ಟ, 3 − 2ಟ, ಟ) ಎಂಬ ಅನಂತ ಪರಿಹಾರಗಳಲ್ಲಿ ವರ್ಗಗಳ ಮೊತ್ತ ಅತಿ ಕಡಿಮೆ ಇರುವುದು ಟ = 1 ಆದಾಗ; ಮೂರ್-ಪೆನ್‌ರೋಸ್ ವಿಲೋಮ ಯಾವಾಗಲೂ ಆ ಅತಿ ಚಿಕ್ಕ ಪರಿಹಾರವನ್ನೇ ಆರಿಸುತ್ತದೆ. (6, 15, 25)ನ್ನು ಗುಣಿಸಿದರೆ (47/36, 38/36, 29/36) ಬರುತ್ತದೆ. ಮೂರು ಸಮೀಕರಣಗಳಲ್ಲಿ ಉಳಿಯುವ ದೋಷಗಳು 1/6, −1/3, 1/6, ವರ್ಗಗಳ ಮೊತ್ತ 1/6. ಇದಕ್ಕಿಂತ ಕಡಿಮೆ ಮಾಡುವುದು ಸಾಧ್ಯವೇ ಇಲ್ಲ. ಆದರೂ ‘ಅತಿ ಚಿಕ್ಕ’ ಎಂಬುದು ಗಣಿತದ ಆಯ್ಕೆ, ಪ್ರಕೃತಿಯ ಆಯ್ಕೆಯಲ್ಲ. ತಳಿಗಳ ಉದಾಹರಣೆಯ 8.75 ಎಂಬ ಸಂಖ್ಯೆ ಅನನ್ಯವಾದ ವಿಲೋಮದಿಂದ ಬಂತೆಂಬ ಕಾರಣಕ್ಕೆ ಅದಕ್ಕೆ ಕೃಷಿಯ ಅರ್ಥ ಹುಟ್ಟುವುದಿಲ್ಲ.

ಕಂಪ್ಯೂಟರಿಗೆ ಕೊಡುವಾಗ

ಕಂಪ್ಯೂಟರ್ ದಶಮಾಂಶಗಳನ್ನು ಸೀಮಿತ ನಿಖರತೆಯಲ್ಲಿ ಇಟ್ಟುಕೊಳ್ಳುವುದರಿಂದ ನಮ್ಮ 1ರಿಂದ 9ರ ಮಾತೃಕೆಯ ನಿರ್ಧಾರಕ ಸೊನ್ನೆಯ ಬದಲು 10⁻¹⁶ರ ಆಸುಪಾಸಿನ ಸಂಖ್ಯೆಯಾಗಿ ಕಾಣಿಸಿಕೊಳ್ಳುವುದುಂಟು. ಆಗ ಸಾಮಾನ್ಯ ವಿಲೋಮದ ಆಜ್ಞೆ ದೋಷವನ್ನು ಸೂಚಿಸದೆ ದೈತ್ಯ ಸಂಖ್ಯೆಗಳ ಮಾತೃಕೆಯೊಂದನ್ನು ಕೊಟ್ಟುಬಿಡಬಹುದು. ಆದ್ದರಿಂದ ರ‍್ಯಾಂಕನ್ನು ನಿರ್ಧಾರಕದಿಂದ ತೀರ್ಮಾನಿಸದೆ ಸಿಂಗ್ಯುಲರ್ ಮೌಲ್ಯಗಳಿಂದ (ಮಾತೃಕೆಯು ಸದಿಶಗಳನ್ನು ಬೇರೆ ಬೇರೆ ದಿಕ್ಕುಗಳಲ್ಲಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂದು ತೋರಿಸುವ ಸಂಖ್ಯೆಗಳು; ಅವುಗಳಲ್ಲಿ ಸೊನ್ನೆಯಲ್ಲದವು ಎಷ್ಟೋ ಅಷ್ಟೇ ರ‍್ಯಾಂಕ್) ತೀರ್ಮಾನಿಸಬೇಕು. ಈ ಮಾತೃಕೆಗೆ ಅವು ಸುಮಾರು 16.848, 1.068 ಮತ್ತು ಸೊನ್ನೆ. ಪೈಥಾನ್ ಭಾಷೆಯಲ್ಲಿ ಗಣಿತಕ್ಕೆ ಬಳಸುವ ನಂಪೈಯ (NumPy) ‘ಪಿನ್ವ್’ (pinv), ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ (R) ಭಾಷೆಯ ಮಾಸ್ (MASS) ಪ್ಯಾಕೇಜಿನ ‘ಜಿನ್ವ್’ (ginv) ಎಂಬ ಆಜ್ಞೆಗಳೆರಡೂ ಸೊನ್ನೆಯಲ್ಲದ ಸಿಂಗ್ಯುಲರ್ ಮೌಲ್ಯಗಳನ್ನು ಮಾತ್ರ ತಲೆಕೆಳಗಾಗಿಸಿ ಮೂರ್-ಪೆನ್‌ರೋಸ್ ವಿಲೋಮವನ್ನು ಕಟ್ಟುತ್ತವೆ.

ಎಷ್ಟು ಚಿಕ್ಕದಾದರೆ ಸೊನ್ನೆಯೆಂದು ಪರಿಗಣಿಸಬೇಕು ಎಂಬ ಮಿತಿಯನ್ನು ಪ್ರತಿ ತಂತ್ರಾಂಶವೂ ತನ್ನದೇ ರೀತಿಯಲ್ಲಿ ಇಟ್ಟುಕೊಂಡಿದೆ. ಅತಿ ದೊಡ್ಡ ಸಿಂಗ್ಯುಲರ್ ಮೌಲ್ಯಕ್ಕೆ ಹೋಲಿಸಿದಂತೆ ‘ಜಿನ್ವ್’ನಲ್ಲಿ ಅದು ಸುಮಾರು 1.5 × 10⁻⁸, ‘ಪಿನ್ವ್’ನಲ್ಲಿ ಬಹುಕಾಲದಿಂದ 10⁻¹⁵. ಈ ವ್ಯತ್ಯಾಸ ಕ್ಷುಲ್ಲಕವಲ್ಲ. ಕರ್ಣದಲ್ಲಿ 1 ಮತ್ತು 10⁻¹⁰ ಇರುವ ಮಾತೃಕೆಯನ್ನು ಕೊಟ್ಟರೆ ‘ಜಿನ್ವ್’ ಕರ್ಣದಲ್ಲಿ 1 ಮತ್ತು 0 ಎನ್ನುತ್ತದೆ, ‘ಪಿನ್ವ್’ 1 ಮತ್ತು ಸಾವಿರ ಕೋಟಿ ಎನ್ನುತ್ತದೆ. ಅಳತೆಯ ನಿಖರತೆ ಮೂರು ದಶಮಾಂಶದಷ್ಟೇ ಇರುವ ದತ್ತಾಂಶಕ್ಕೆ ಯಾವ ಮಿತಿ ಸೂಕ್ತವೆಂದು ತಂತ್ರಾಂಶಕ್ಕೆ ತಿಳಿಯದು. ಸಿಂಗ್ಯುಲರ್ ಮೌಲ್ಯಗಳನ್ನು ಮುದ್ರಿಸಿ ನೋಡಿ ಮಿತಿಯನ್ನು ನಾವೇ ನಿಗದಿ ಮಾಡಿ ವರದಿಯಲ್ಲಿ ಬರೆಯಬೇಕು.

ಸಂಖ್ಯಾಶಾಸ್ತ್ರದ ತಂತ್ರಾಂಶಗಳ ಫಲಿತಾಂಶ ಓದುವಾಗಲೂ ಇದೇ ಎಚ್ಚರ ಬೇಕು. ಆರ್‌ನ ‘ಎಲ್‌ಎಮ್’ (lm) ಎಂಬ ಆಜ್ಞೆ, ತಳಿಯಂತೆ ಗುಂಪುಗಳಾಗಿ ವಿಂಗಡಿಸಿದ ಚಲಕಕ್ಕೆ ಮೊದಲ ಗುಂಪನ್ನು ಆಧಾರವಾಗಿಡುತ್ತದೆ. ಬೇರೆ ಕಂಬಸಾಲುಗಳ ಮೇಲೆ ಪೂರ್ತಿ ಅವಲಂಬಿತವಾದ ಕಂಬಸಾಲು ಸಿಕ್ಕರೆ ಅದರ ಸಹಗುಣಕದ ಜಾಗದಲ್ಲಿ ‘ಎನ್‌ಎ’ ಎಂದು ಮುದ್ರಿಸುತ್ತದೆ. ಸ್ಯಾಸ್ (SAS) ಎಂಬ ತಂತ್ರಾಂಶದ ‘ಜಿಎಲ್‌ಎಮ್’ (GLM) ಕೊನೆಯ ಗುಂಪಿನ ಪರಿಣಾಮವನ್ನು ಸೊನ್ನೆ ಮಾಡುತ್ತದೆ, ಸಾಮಾನ್ಯೀಕೃತ ವಿಲೋಮ ಬಳಸಿದ್ದನ್ನು ಟಿಪ್ಪಣಿಯಲ್ಲಿ ತಿಳಿಸುತ್ತದೆ ಮತ್ತು ಒಂಟಿಯಾಗಿ ಅಂದಾಜಿಸಲಾಗದ ಸಹಗುಣಕಗಳ ಮುಂದೆ ‘ಬಿ’ ಅಕ್ಷರವನ್ನು ಹಾಕುತ್ತದೆ. ಆ ಅಕ್ಷರವನ್ನು ಕಡೆಗಣಿಸಿ ಸಹಗುಣಕಗಳನ್ನು ಕೋಷ್ಟಕಕ್ಕೆ ನಕಲು ಮಾಡುವುದು ಗಂಭೀರವಾದ ತಪ್ಪು. ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಲ್ಲಿ ತಳಿಗಳ, ಔಷಧಗಳ ಅಥವಾ ಪಾಠಕ್ರಮಗಳ ವ್ಯತ್ಯಾಸಗಳನ್ನೂ ಅವುಗಳ ಪ್ರಮಾಣ ದೋಷಗಳನ್ನೂ ಕೊಡಬೇಕೇ ಹೊರತು, ಆಧಾರ ಯಾವುದೆಂದು ಹೇಳದೆ ಒಂಟಿ ಪರಿಣಾಮಗಳನ್ನು ಕೊಡಬಾರದು ಎಂದು ನಾನು ಒತ್ತಾಯಿಸಿ ಹೇಳುತ್ತೇನೆ.

ಸೂತ್ರಗಳನ್ನು ಸ್ವತಃ ಕಟ್ಟುವವರಿಗೆ ಇನ್ನೊಂದು ಮಾತು. ಸಾಮಾನ್ಯ ವಿಲೋಮದಲ್ಲಿ ಗುಣಲಬ್ಧದ ವಿಲೋಮವೆಂದರೆ ವಿಲೋಮಗಳ ತಿರುಗುಮುರುಗು ಗುಣಲಬ್ಧ. ಮೂರ್-ಪೆನ್‌ರೋಸ್ ವಿಲೋಮಕ್ಕೆ ಇದು ಎಲ್ಲ ಸಂದರ್ಭಗಳಲ್ಲಿ ನಿಜವಲ್ಲ. [1 0] ಎಂಬ ಅಡ್ಡಸಾಲನ್ನು (1, 1) ಎಂಬ ಕಂಬಸಾಲಿನಿಂದ ಗುಣಿಸಿದರೆ 1, ಅದರ ವಿಲೋಮವೂ 1. ಆದರೆ ಕಂಬಸಾಲಿನ ವಿಲೋಮ [1/2 1/2], ಅಡ್ಡಸಾಲಿನ ವಿಲೋಮ (1, 0). ತಿರುಗುಮುರುಗಾಗಿ ಗುಣಿಸಿದರೆ 1/2 ಬರುತ್ತದೆ. ಮೇಲಿನ ಕ ಹ ಒಡೆಯುವಿಕೆಯಲ್ಲಿ ಆ ನಿಯಮ ನಡೆದದ್ದು ‘ಕ’ದ ಕಂಬಸಾಲುಗಳೂ ‘ಹ’ದ ಅಡ್ಡಸಾಲುಗಳೂ ಸ್ವತಂತ್ರವಾಗಿದ್ದುದರಿಂದ. ಬೇರೆಡೆ ಅದನ್ನು ಬಳಸುವ ಮೊದಲು ನಾಲ್ಕು ಷರತ್ತುಗಳನ್ನೂ ಒಂದೊಂದಾಗಿ ಗುಣಿಸಿ ನೋಡಬೇಕು.